ದೊರೆಗೆ ಮಾತ್ರ ಕೇಳಿಸಿದ ಸದ್ದು

ಪೊನ್ನಂಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಪಲ್ಪರ್ ನೋಡಿಕೊಳ್ಳುತ್ತಿದ್ದವನು ಲಿಂಗ. ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಪಕ್ಕದಲ್ಲಿ ಹನ್ನೊಂದು ಕೊಯ್ಲು ನಿಂತು ಅವನ ಕಿವಿ ಅರ್ಧ ಹೋಗಿತ್ತು. ಯಂತ್ರ ಕೆಟ್ಟರೆ ಅವನು ಕಾಫಿ ಗಿಡದ ಕಡ್ಡಿಯೊಂದರ ತುದಿಯನ್ನು ಅದಕ್ಕೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದ. ಒಳಗಿನ ನಡುಕವೆಲ್ಲ ಹಲ್ಲಿನಿಂದ ತಲೆಬುರುಡೆಗೆ ಹತ್ತಿ ಸದ್ದಾಗುತ್ತಿತ್ತು. ಯಾವ ಬೋಲ್ಟು ಸಡಿಲವೆಂದು ತಪ್ಪದೆ ಹೇಳುತ್ತಿದ್ದ. ಈ ವಿದ್ಯೆಗೆ ತೋಟದಲ್ಲಿ ಯಾರೂ ಮೂರು ಕಾಸಿನ ಬೆಲೆ ಕೊಟ್ಟಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತನಾಲ್ಕರ ಹುತ್ತರಿ ಹಬ್ಬ ಕಳೆದ ಮೇಲೆ ತೋಟದ ಬಿಳಿ ದೊರೆಯ ಮೋಟಾರ್ ಸೈಕಲ್ಲಿಗೆ ರೋಗ ಬಂತು. ಹತ್ತಿ ಕುಳಿತರೆ ಕಟಕಟ, ಏರಿನಲ್ಲಿ ಇನ್ನೂ ಜೋರು. ಇಳಿದು ಕಿವಿಗೊಟ್ಟರೆ ಏನೂ ಇಲ್ಲ.

"ನಾನು ಇಳಿದ ಕೂಡಲೇ ಮೋಸ ಮಾಡ್ತದೆ!" ಎನ್ನುತ್ತಿದ್ದ ದೊರೆ.

ಮೈಸೂರಿನಿಂದ ಬಂದ ಮೆಕ್ಯಾನಿಕ್ ಎಂಜಿನನ್ನು ಪೂರ್ತಿ ಬಿಚ್ಚಿ ಜೋಡಿಸಿ, ಸದ್ದೇ ಇಲ್ಲ ಎಂದ. ಅವನನ್ನು ನಾಯಿ ಬಿಟ್ಟು ಓಡಿಸಲಾಯಿತು. ಅಂದಿನಿಂದ ಸದ್ದು ತೋಟದವರೆಲ್ಲರಿಗೂ ಕೇಳಿಸತೊಡಗಿತು. ಶಿರಂಗಾಲದ ಕಡೆಯಿಂದ ಬಂದಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ಕರಿಬಸಪ್ಪನಿಗಂತೂ ಎಂಜಿನ್ ಶುರುವಾಗುವ ಮೊದಲೇ ಕೇಳಿಸಿತು.

"ಐತೆ ಸಾರ್! ಜೋರಾಗೇ ಐತೆ!"

"ನಾನಿನ್ನೂ ಸ್ಟಾರ್ಟ್ ಮಾಡಿಲ್ಲ."

"ನಿನ್ನೇದು ಸಾರ್, ಇನ್ನೂ ಕಿವೀಲೇ ಐತೆ."

ಕೊನೆಗೆ ದೊರೆ ಲಿಂಗನನ್ನು ಕರೆಸಿದ. "ಶನಿವಾರದೊಳಗೆ ಸದ್ದು ಹೋಗಬೇಕು. ಇಲ್ಲಾ, ನೀನು ಹೋಗಬೇಕು." ಹೋಗುವುದೆಂದರೆ ಕೆಲಸವೂ ಹೋಗುವುದು, ಕೂಲಿಯವರ ಲೈನಿನಲ್ಲಿದ್ದ ಒಂದು ಕೋಣೆಯ ಮನೆಯೂ ಹೋಗುವುದು.

ಲಿಂಗ ಎರಡು ದಿನ ಕಡ್ಡಿ ಕಚ್ಚಿಕೊಂಡು ಗಾಡಿಯ ಸುತ್ತ ತೆವಳಿದ. ಸಿಲಿಂಡರ್, ಗೇರ್ ಪೆಟ್ಟಿಗೆ, ಮಡ್ಗಾರ್ಡು ಎಲ್ಲವೂ ನಡುಗುತ್ತಿದ್ದವು, ನಡುಗಬೇಕಾದಷ್ಟೇ. ಶುಕ್ರವಾರ ಸಂಜೆ ಮನೆಗೆ ಬಂದು ಹೆಂಡತಿ ಬೆಳ್ಳಿಯ ಮುಂದೆ ಕುಳಿತ. ಅವಳು ಬಂಗಲೆಯ ಕಸ ಗುಡಿಸುವವಳು.

"ಗಾಡೀಲಿ ಏನೂ ಇಲ್ಲ ಕಣೇ."

"ಹಂಗಂತ ಹೇಳು, ನಾಯಿ ಬಿಡ್ತಾರೆ."

"ಹುತ್ತರಿವರೆಗೂ ಸರಿ ಇತ್ತಲ್ಲ. ಆಮೇಲೆ ಬಂಗ್ಲೆಗೆ ಹೊಸದು ಏನು ಬಂತು?"

ಬೆಳ್ಳಿ ಯೋಚಿಸಿದಳು. "ಹಲ್ಲು."

"ಯಾರ ಹಲ್ಲು?"

"ದೊರೇದು. ಮದ್ರಾಸಿಂದ ಪೆಟ್ಟಿಗೇಲಿ ಬಂತು. ಮಲಗೋವಾಗ ಗ್ಲಾಸಿನ ನೀರಿಗೆ ಹಾಕ್ತಾರೆ. ಮೊದಲ್ನೇ ದಿನ ನೋಡಿ ನಾನು ಪೊರಕೆ ಬಿಸಾಕಿ ಓಡಿದ್ದೆ."

ಲಿಂಗ ತನ್ನ ಹಲ್ಲುಗಳನ್ನು ಬೆರಳಿನಿಂದ ಅಲುಗಾಡಿಸಿ ನೋಡಿದ. ಅವು ಗಟ್ಟಿ. ಗಟ್ಟಿ ಹಲ್ಲಿಗೆ ನಡುಕ ಹತ್ತಿದರೆ ಯಂತ್ರದ ಸದ್ದು ಕೇಳುತ್ತದೆ. ಸಡಿಲ ಹಲ್ಲಿಗೆ ಹತ್ತಿದರೆ ಹಲ್ಲಿನದೇ ಸದ್ದು. ರೋಗವೇನೋ ಸಿಕ್ಕಿತು. ಆದರೆ ಅದನ್ನು ಹೇಳುವುದು ಹೇಗೆ? ಸದ್ದಿಲ್ಲ ಎಂದವನಿಗೆ ಒಂದು ನಾಯಿ ಬಿಟ್ಟಿದ್ದರು. ಸದ್ದು ನಿಮ್ಮ ಬಾಯಲ್ಲಿದೆ ಎಂದವನಿಗೆ ಬಂಗಲೆಯ ಎರಡೂ ನಾಯಿಗಳನ್ನು ಬಿಡುತ್ತಾರೆ.

ಶನಿವಾರ ಬೆಳಿಗ್ಗೆ ಅವನು ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿ ತೊಳೆದ ರಬ್ಬರ್ ತುಂಡೊಂದನ್ನು ದೊರೆಯ ಮುಂದೆ ಹಿಡಿದ.

"ದೊರೆ, ನಾವು ಕೇಳೋದು ಹಲ್ಲಲ್ಲಿ. ನೀವೂ ಇದನ್ನ ಗಟ್ಟಿಯಾಗಿ ಕಚ್ಚಿಕೊಂಡು ಗಾಡಿ ಬಿಡಿ. ಸದ್ದು ಎಲ್ಲಿ ಉಂಟು ಅಂತ ನಿಮಗೇ ಗೊತ್ತಾಗ್ತದೆ."

ದೊರೆ ಕಚ್ಚಿಕೊಂಡು ಗೇಟಿನವರೆಗೆ ಹೋದ, ಏರು ಹತ್ತಿದ, ಕಾಫಿ ಒಣಗಿಸುವ ಕಣವನ್ನು ಎರಡು ಸುತ್ತು ಹಾಕಿ ಬಂದ. ರಬ್ಬರ್ ತೆಗೆದು ಕೂಗಿದ: "ಕಳ್ಳ ಗಾಡಿ! ನಾನು ಸರಿಯಾಗಿ ಕೇಳಿದರೆ ಸುಮ್ಮನಾಗ್ತದೆ!"

"ಹೆದರ್ಕೊಂಡೈತೆ ಸಾರ್," ಎಂದ ಕರಿಬಸಪ್ಪ.

ಆಮೇಲೆ ದೊರೆ ರಬ್ಬರ್ ಕಚ್ಚದೆ ಗಾಡಿ ಹತ್ತಲಿಲ್ಲ. ಬಾಯಿ ತುಂಬ ರಬ್ಬರ್ ಇದ್ದುದರಿಂದ ಹಣ್ಣು ಕೊಯ್ಯುವವರನ್ನು ಗಾಡಿಯ ಮೇಲಿಂದ ಬೈಯುವುದು ನಿಂತುಹೋಯಿತು. ಕೊಯ್ಲೇನೂ ಕಡಿಮೆಯಾಗಲಿಲ್ಲ. ಕರಿಬಸಪ್ಪ ಸ್ವಾಮಿನಿಷ್ಠೆಯಿಂದ ತನ್ನ ಸೈಕಲ್ ತುಳಿಯುವಾಗಲೂ ಒಂದು ತುಂಡು ಕಚ್ಚತೊಡಗಿದ.

ಐದು ವರ್ಷದ ನಂತರ ಆ ದೊರೆ ತನ್ನ ಹಲ್ಲುಗಳೊಂದಿಗೆ ಇಂಗ್ಲೆಂಡಿಗೆ ಮರಳಿದ. ಗಾಡಿ ಹೊಸ ದೊರೆಯ ಪಾಲಾಯಿತು. ಅವನಿಗೆ ಇಪ್ಪತ್ತಾರು ವರ್ಷ. ಮೂವತ್ತೆರಡು ಹಲ್ಲೂ ಸ್ವಂತದ್ದು. ಹ್ಯಾಂಡಲ್ಲಿಗೆ ದಾರ ಕಟ್ಟಿ ನೇತುಹಾಕಿದ್ದ ರಬ್ಬರನ್ನು ಎತ್ತಿ, ಇದೇನು ಎಂದು ಕೇಳಿದ.

"ಅದನ್ನ ಕಚ್ಚದಿದ್ರೆ ಗಾಡಿ ಸದ್ದು ಮಾಡ್ತೈತೆ ಸಾರ್," ಎಂದ ಕರಿಬಸಪ್ಪ.

ಹೊಸ ದೊರೆ ಲಿಂಗನ ಮುಖ ನೋಡಿದ. ಲಿಂಗನಿಗೆ ಈಗ ಮೂರು ಮಕ್ಕಳು, ಅದೇ ಒಂದು ಕೋಣೆ. ಅವನು ಜೇಬಿನಿಂದ ತೊಳೆದ ತುಂಡೊಂದನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟ.

"ಅದು ಹಳೇದು ದೊರೆ. ಇದು ಹೊಸದು."

ಹೊಸ ದೊರೆ ಕಚ್ಚಿಕೊಂಡು ಹೊರಟ. ಸದ್ದು ಬರಲಿಲ್ಲ.