ಚಿಕ್ಕಮ್ಮ ಕುಡಿದ ಉಪ್ಪು ನೀರು

ಬೇಸಿಗೆ ಮುಗಿಯುವವರೆಗೂ ಚಿಕ್ಕಮ್ಮನ ಬಲಗೈ ಉಗುರುಗಳ ಸಂದಿಯಲ್ಲಿ ಹೊಳೆಯ ಮರಳು ಇರುತ್ತಿತ್ತು. ಸಮುದ್ರ ನೋಡಲು ಹೊರಟ ದಿನ ಬೆಳಿಗ್ಗೆಯೂ ಇತ್ತು. ಬಂಟ್ವಾಳದಲ್ಲಿ ನೇತ್ರಾವತಿ ಬತ್ತುತ್ತ ಬಂದಾಗ ಅವರು ನೀರಿನ ಅಂಚಿನಲ್ಲೇ ಮರಳು ತೋಡಿ ಒರತೆ ಮಾಡುತ್ತಿದ್ದರು. ಮೊದಲು ಒಸರಿದ ಕಲಕು ನೀರನ್ನು ತೆಂಗಿನ ಗೆರಟೆಯಲ್ಲಿ ಮೊಗೆದು ಚೆಲ್ಲುವುದು. ತಿಳಿಯಾದ ಮೇಲೆ ಮೊದಲ ಗೆರಟೆ ನನಗೆ.

ಅವರು ನನ್ನ ಅಮ್ಮನ ತಂಗಿ, ನಮ್ಮ ಮನೆಯಲ್ಲೇ ಇದ್ದರು. ನನ್ನ ಜಡೆ ಹೆಣೆಯುವುದು, ಜ್ವರ ಬಂದರೆ ಪಕ್ಕದಲ್ಲಿ ಮಲಗುವುದು ಎಲ್ಲ ಅವರೇ. ಅಮ್ಮನ ಅಕ್ಕ, ಮೂಡಬಿದ್ರೆಯ ದೊಡ್ಡಮ್ಮ ತೀರಿಕೊಂಡು, ಅವರ ಐದು ವರ್ಷದ ಮಗಳು ನಮ್ಮಲ್ಲಿಗೆ ಬಂದಳು. ಅಂದಿನಿಂದ ಮೊದಲ ಗೆರಟೆ ಅವಳದಾಯಿತು. ನನಗಾಗ ಹತ್ತು ವರ್ಷ.

ಐವತ್ತರ ದಶಕದ ಆ ರಜೆಯಲ್ಲಿ ನಾವು ಮೂವರು ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಬಂದರಿನಿಂದ ದೋಣಿಯಲ್ಲಿ ಹೊಳೆ ದಾಟಿ, ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಮರಳಿನ ಪಟ್ಟಿಯಲ್ಲಿ ಇಳಿದೆವು. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ. ನಡುವೆ ಮನೆಯಿಲ್ಲ, ಅಂಗಡಿಯಿಲ್ಲ. ನೆಲಕ್ಕೆ ಹಬ್ಬಿದ ನೇರಳೆ ಹೂವಿನ ಬಳ್ಳಿ ಮಾತ್ರ. ಮರಳು ಸುಡುತ್ತಿತ್ತು. ಚಿಕ್ಕಮ್ಮ ಅವಳನ್ನು ಎತ್ತಿಕೊಂಡರು. "ನೀನು ದೊಡ್ಡವಳಲ್ಲವಾ, ಓಡು" ಎಂದರು ನನಗೆ.

ಬಾಯಾರಿತು. "ದಡದಲ್ಲಿ ಬೇಡ, ನಡುವಿನಲ್ಲಿ ತೋಡಿ" ಎಂದ ದೋಣಿಯವ. ಚಿಕ್ಕಮ್ಮನೂ ಅವಳೂ ಬಳ್ಳಿಗಳ ನಡುವೆ ತೋಡಲು ಕೂತರು. ನಾನು ಹಠದಿಂದ ಸಮುದ್ರದ ಅಂಚಿಗೆ ಓಡಿ, ನಮ್ಮ ಹೊಳೆಯಲ್ಲಿ ತೋಡುವ ಹಾಗೆಯೇ ತೋಡಿದೆ. ಬೇಗ ನೀರು ಬಂತು. ಮನೆಯಿಂದ ತಂದಿದ್ದ ಗೆರಟೆಯಲ್ಲಿ ತುಂಬಿಸಿ ಚಿಕ್ಕಮ್ಮನಿಗೆ ತಂದುಕೊಟ್ಟೆ.

"ನನ್ನದೇ ಮೊದಲು!"

ಚಿಕ್ಕಮ್ಮ ಒಂದು ಹನಿ ಬಿಡದೆ ಕುಡಿದರು. "ಒಳ್ಳೆದುಂಟು."

ದೋಣಿಯವ ಬಿದ್ದು ಬಿದ್ದು ನಕ್ಕ. "ಈ ಬಂಟ್ವಾಳದವರಿಗೆ ಸಮುದ್ರವೂ ಹೊಳೆಯೇ ಮಾರಾಯ್ರೆ!"

ಗೆರಟೆಯ ತಳಕ್ಕೆ ಬೆರಳಿಟ್ಟು ನೆಕ್ಕಿದೆ. ಬರೀ ಉಪ್ಪು.

"ಸುಳ್ಳು ಯಾಕೆ ಹೇಳಿದ್ರಿ?"

"ನೀನು ತಂದದ್ದಲ್ಲವಾ?"

ಗೆದ್ದೆ ಅಂದುಕೊಂಡೆ. ಆಗ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಇನ್ನು ಹದಿನೈದು ದಿನ. ಮತ್ತೆ ನಾನು ಮೂಡಬಿದ್ರೆಗೆ ಹೋಗ್ತೇನೆ. ಇವಳ ಅಪ್ಪನೊಟ್ಟಿಗೆ ಮದುವೆ ಅಂತ ಹಿರಿಯರು ನಿಶ್ಚಯ ಮಾಡಿದ್ದಾರೆ. ಇವಳಿಗೆ ಅಮ್ಮ ಬೇಕಲ್ಲ?"

"ನನಗೆ ಬೇಡವಾ?"

"ನಿನಗೆ ಅಮ್ಮ ಉಂಟಲ್ಲ ಮಗಾ."

ನಾನು ಎದ್ದುಹೋಗಿ ಅವರ ಒರತೆಯನ್ನು ಕಾಲಿನಿಂದ ತುಳಿದು ಮುಚ್ಚಿದೆ. ಅವಳಿನ್ನೂ ನೀರು ಕುಡಿದಿರಲಿಲ್ಲ, ಅಳತೊಡಗಿದಳು. ಚಿಕ್ಕಮ್ಮ ನನ್ನನ್ನು ಬಯ್ಯಲಿಲ್ಲ. ಅವಳ ಕಣ್ಣೊರೆಸಿ ಪುನಃ ತೋಡಲು ಕೂತರು. ಒಂದು ಪೆಟ್ಟು ಕೊಟ್ಟಿದ್ದರೆ ಅದಾದರೂ ನನ್ನದಾಗುತ್ತಿತ್ತು.

ಮುಂದೆ ರಜೆ ಸಿಕ್ಕಿದಾಗಲೆಲ್ಲ ಮೂಡಬಿದ್ರೆಗೆ ಹೋದೆ. ಚಿಕ್ಕಮ್ಮ ನನಗೆಂದು ಹಲಸಿನೆಲೆಯಲ್ಲಿ ಕಡುಬು ಮಾಡುತ್ತಿದ್ದರು, ಬಸ್ಸಿನವರೆಗೆ ಬಂದು ಕಳಿಸುತ್ತಿದ್ದರು. ಅವಳೂ ಜೊತೆಗೆ ಬರುತ್ತಿದ್ದಳು, "ಅಮ್ಮಾ" ಎಂದು ಅವರ ಸೆರಗು ಹಿಡಿದುಕೊಂಡು. ಅವಳು ಒಳ್ಳೆಯವಳು. ಅದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಚಿಕ್ಕಮ್ಮ ತೀರಿಹೋದರು. ಹದಿಮೂರನೆಯ ದಿನ ಬಂದವರೆಲ್ಲ ಅವಳ ಸುತ್ತ ಕೂತು ಸಮಾಧಾನ ಹೇಳಿದರು, ನಾನು ಬಡಿಸುತ್ತಿದ್ದೆ. ಎಲ್ಲರೂ ಹೋದ ಮೇಲೆ ಅವಳು ನನ್ನ ಹೆಗಲ ಮೇಲೆ ಬಿದ್ದು ಅತ್ತಳು. "ಅಮ್ಮ ಯಾವಾಗಲೂ ನಿನ್ನದೇ ಸುದ್ದಿ ಹೇಳ್ತಿದ್ದರು, ಅಕ್ಕ."

ಅದನ್ನೂ ಅವಳ ಬಾಯಿಂದಲೇ ಕೇಳಬೇಕಾಯಿತು. ಮದುವೆಯಾದ ಮೇಲೆ ಒಂದು ದಿನವಾದರೂ ಚಿಕ್ಕಮ್ಮ ನನಗೊಬ್ಬಳಿಗೇ ಸಿಗಲಿಲ್ಲ. ಇನ್ನು ಸಿಗುವುದಿಲ್ಲ.