ಶರಣಪ್ಪ ಕಾಕಾನ ಕಾರ್ಬುರೇಟರ್ ಹಟ

ಶರಣಪ್ಪ ಕಾಕಾ ಇಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವರು. ಅದುವರೆಗೆ ಕೆಮ್ಮುತ್ತಿದ್ದ ನನ್ನ ಹಳೆಯ ಜೀಪು ಹದವಾಗಿ ಗುರುಗುಡತೊಡಗುವುದು. ಮಲ್ಕಾಜ್‌ಗಿರಿಯಲ್ಲಿ ನಾವೆಲ್ಲ ಅದನ್ನೊಂದು ವಿದ್ಯೆ ಎಂದೇ ತಿಳಿದಿದ್ದೆವು.

ಕಾಕಾ ಗಂಗಾವತಿ ಕಡೆಯ ಮೆಕ್ಯಾನಿಕ್, ಒಂಟಿ ಮನುಷ್ಯ. ಗಿರಾಕಿಗಳೊಡನೆ ತೆಲುಗು, ಹಿಂದಿ. ನನ್ನೊಡನೆ ಊರ ಮಾತು. ನಾನು ರೈಲ್ವೆಯಲ್ಲಿ ಗುಮಾಸ್ತೆ. ಭಾನುವಾರ ಬಂದರೆ ಊರಾಚೆಯ ಕಲ್ಲು, ಕೆಸರಿನಲ್ಲಿ ಜೀಪು ಓಡಿಸುವ ಗುಂಪಿನ ಜೊತೆ ಹೊರಟುಬಿಡುವವಳು. ಗುಂಪಿನವರೆಲ್ಲ ಕಾರ್ಬುರೇಟರ್ ಕಿತ್ತು, ಕಂಪ್ಯೂಟರಿನ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಹಾಕಿಸತೊಡಗಿದಾಗ, ನಾನೂ ಹಾಕಿಸಲೇ ಎಂದು ಕಾಕಾನನ್ನು ಕೇಳಿದೆ.

“ಇಂಜೆಕ್ಷನ್ ಕೆಟ್ಟದ್ದಲ್ರಿ ಅಕ್ಕಾರ,” ಅಂದರು. “ಏರಿನಾಗ ಗಾಡಿ ವಾಲಿದ್ರ ಕಾರ್ಬುರೇಟರ್ ಬಟ್ಟಲದಾಗಿನ ಪೆಟ್ರೋಲ್ ಒಂದ ಕಡಿ ಸರದು ಇಂಜಿನ್ ಬಂದ್ ಬೀಳ್ತೈತಿ. ಇಂಜೆಕ್ಷನ್ನಿಗೆ ಆ ತ್ರಾಸಿಲ್ಲ. ಆದ್ರ ಹಳ್ಳದಾಗ ನೀರು ಹೊಕ್ಕು ಅದರ ವಾಯರ್ ಕೆಟ್ರ? ಯಾರರ ಕಂಪ್ಯೂಟರ್ ತರೂತನಕ ನೀರಾಗ ನಿಂದ್ರಬೇಕು. ಇದನ್ನ ಅಲ್ಲೇ ಬಿಚ್ಚಿ, ಊದಿ, ಹಾಕ್ಕೊಂಡು ಮನಿಗೆ ಬರಬೌದು.”

ಶೇಖರ ಅವರ ಅಕ್ಕನ ಮಗ. ಕೆಲಸ ಕಲಿತದ್ದು ಇವರ ಕೈಯಲ್ಲೇ. ಈಗ ಗಚ್ಚಿಬೌಲಿಯಲ್ಲಿ ಗಾಜಿನ ಬಾಗಿಲಿನ ಗ್ಯಾರೇಜು ತೆರೆದು ಇಂಜೆಕ್ಷನ್ ಕೂರಿಸಿಕೊಡುತ್ತಿದ್ದ. ಒಂದು ಭಾನುವಾರ ಅವನೂ ಗುಂಪಿನಲ್ಲಿದ್ದ; ಕಾಕಾನನ್ನು ಕೂರಿಸಿಕೊಂಡು ಹೊರಟ ನನ್ನ ಜೀಪು ಏರಿನ ನಡುವೆ ನಿಂತುಹೋಯಿತು. ಗುಂಪಿನೆದುರೇ ಅವನು ಕಾಕಾನ ಕಿವಿಗೆ ಬಾಯಿಟ್ಟು, “ಮಾಮಾ, ಕೇಳಾಕತ್ತೈತೇನು?” ಎಂದು ಕಿರುಚಿದ. ಜನ ನಕ್ಕರು. ಮಾಮನಿಗೆ ಕಿವಿ ಮಂದವಾಗಿ ಎರಡು ವರ್ಷವಾಯಿತು, ಅದಕ್ಕೇ ಹಲ್ಲಲ್ಲಿ ಟ್ಯೂನ್ ಮಾಡುತ್ತಾರೆ ಎಂದು ಎಲ್ಲರಿಗೂ ಹಿಂದಿಯಲ್ಲಿ ಸಾರಿದ. ಆಮೇಲೆ ನನ್ನತ್ತ ತಿರುಗಿ, “ನನ್ನ ಕಡೆ ಬರ್ರಿ ಮೇಡಂ. ಇಂಜೆಕ್ಷನ್ ಇದ್ರ ಗಾಡಿ ಓಡಿಸಾಕ ಬರದವರೂ ಏರ್ತಾರ,” ಅಂದ.

ಕಿವಿಯ ಮಾತು ನಿಜವೆಂದು ನನಗೆ ಆಗಲೇ ಹೊಳೆಯಿತು. ನಿಜವಾದ್ದರಿಂದಲೇ ಮೈ ಉರಿಯಿತು. ಅಂಥದ್ದನ್ನು ಮರೆಯುವ ಹೆಂಗಸು ನಾನಲ್ಲ. ವಾಪಸು ಬರುವಾಗ ಕಾಕಾ ಹೇಳಿದ್ದು ಒಂದೇ ಮಾತು: “ಅವನ ಗಾಡಿ ಹಿಂಗ ನಿಂದ್ರೂದು ನೋಡೂತನಕ ನಮ್ಮಕ್ಕನ ಮನಿ ನೀರು ಮುಟ್ಟಂಗಿಲ್ಲ.” ಮುಟ್ಟಲಿಲ್ಲ. ಯುಗಾದಿಗೆ ಅಕ್ಕ ಹೋಳಿಗೆಯ ಡಬ್ಬಿ ತಂದು ಬಾಗಿಲಲ್ಲಿ ನಿಂತರೆ, ಮುಚ್ಚಳ ಕೂಡ ತೆಗೆಯದೆ ತಿರುಗಿ ಕೊಟ್ಟರು. ನಾನು ಅಲ್ಲೇ ಇದ್ದೆ. ತಡೆಯಲಿಲ್ಲ.

ಮಳೆಗಾಲಕ್ಕೆ ಕಾದೆವು. ಇಂಜಿನ್ ಗಾಳಿ ಎಳೆಯುವ ಕೊಳವೆಯನ್ನು ಕಾಕಾ ಜೀಪಿನ ನೆತ್ತಿಯವರೆಗೆ ಏರಿಸಿದರು. ಪ್ಲಗ್ಗಿನ ವಾಯರುಗಳಿಗೆಲ್ಲ ಗ್ರೀಸು ಬಳಿದು ಹಳೆಯ ಸೈಕಲ್ ಟ್ಯೂಬು ಸುತ್ತಿದರು. ಹಳ್ಳ ದಾಟುವ ಭಾನುವಾರ ಕಾಕಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ನಿಲ್ಲದೆ ದಾಟಿದೆ. ಹಿಂದೆ ಬಂದ ಶೇಖರನ ಜೀಪು ನಡುನೀರಿನಲ್ಲಿ ಬಂದ್ ಬಿತ್ತು.

ನಮ್ಮ ಗುಂಪಿನಲ್ಲೊಂದು ಪದ್ಧತಿಯಿದೆ. ಸಿಕ್ಕಿಬಿದ್ದವನ ಮುಂದಿನ ಗಾಡಿಯವರು ಹಗ್ಗ ಎಸೆಯಬೇಕು. ನಾನು ಹಗ್ಗಕ್ಕೆ ಕೈಹಾಕಿದೆ. “ಇಡ್ರಿ ಕೆಳಗ. ಮೊದಲ ಚಾ ಕುಡೀರಿ,” ಅಂದರು ಕಾಕಾ. ದಂಡೆಯ ಮೇಲೆ ಕೂತು ಥರ್ಮಾಸಿನ ಚಹಾ ಕುಡಿದೆವು. ಸೊಂಟದವರೆಗಿನ ನೀರಿನಲ್ಲಿ ನಿಂತು ಶೇಖರ “ಮಾಮಾ, ಹಗ್ಗಾ!” ಎಂದು ಕೂಗುತ್ತಲೇ ಇದ್ದ. ಕಾಕಾ ಕಿವಿಗೆ ಅಂಗೈ ಹಿಡಿದು, “ಕೇಳವಲ್ದೋ ಶೇಖರಾ!” ಅಂದರು. ಈ ಸಲವೂ ಜನ ನಕ್ಕರು. ಇನ್ನೊಂದು ಲೋಟ ಬಗ್ಗಿಸಿಕೊಂಡೆವು. ಅಷ್ಟು ರುಚಿಯಾದ ಚಹಾ ನಾನು ಮತ್ತೆ ಕುಡಿದಿಲ್ಲ.

ಮರುವರ್ಷಕ್ಕೆ ಕಾಕಾನ ಕಿವಿ ಪೂರ್ತಿ ಹೋಯಿತು. ಸ್ಕ್ರೂಡ್ರೈವರ್ ಕಚ್ಚಿದರೂ ಏನೂ ತಿಳಿಯದು. ಜೀಪು ದಿನಕ್ಕೊಂದು ಕಡೆ ನಿಲ್ಲತೊಡಗಿತು. ಲಿಂಗಂಪಲ್ಲಿಯ ರೈಲು ಸೇತುವೆಯ ಕೆಳಗೆ, ಹಿಂದೆ ನೂರು ಹಾರ್ನುಗಳು ಬೊಬ್ಬಿಡುತ್ತಿರುವಾಗ ನಿಂತಿತಲ್ಲ, ಆ ದಿನ ನನ್ನ ಹಟ ಮುರಿಯಿತು. ಗಚ್ಚಿಬೌಲಿಗೆ ಹೋದೆ. ಶೇಖರ ನಗಲಿಲ್ಲ, ಹಳೆಯ ಮಾತನ್ನು ಎತ್ತಲಿಲ್ಲ. ಇಂಜೆಕ್ಷನ್ ಕೂರಿಸಿ ಕೀಲಿ ಕೊಟ್ಟ. ಒಂದು ಕೊಂಕು ಮಾತಾದರೂ ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಕೊನೆಯ ಸಲ ಕಾಕಾನ ಮನೆಗೆ ಹೋದದ್ದು ಅದೇ ಜೀಪಿನಲ್ಲಿ. ಕಂಡೊಡನೆ ಹೊರಗೆ ಬಂದು, “ಬಾನೆಟ್ ಎತ್ರಿ, ನೋಡೂಣು,” ಅಂದರು. ನಾನು ಗಡಿಯಾರ ತೋರಿಸಿ ಹೊತ್ತಾಯಿತೆಂದು ಸನ್ನೆ ಮಾಡಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಅವನ ಕಡೆ ಹೋಗಿದ್ರೇನು?”

ಕಿವಿ ಕೇಳುವವರಾದರೆ ಏನೋ ಗೊಣಗಿ ತಪ್ಪಿಸಿಕೊಳ್ಳಬಹುದಿತ್ತು. ಹೌದೆಂದು ತಲೆಯಾಡಿಸಬೇಕಾಯಿತು.

“ಕೆಲಸ ಚಲೋ ಮಾಡ್ಯಾನೇನ್ರಿ?”

ಅದಕ್ಕೂ ತಲೆಯಾಡಿಸಿದೆ.

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬಡಿದೆ, ಕಾಕಾ ಕಾಕಾ ಎಂದು ಕೂಗಿದೆ. ಆಚೆಮನೆಯ ಹೆಂಗಸು ಹೊರಬಂದು, “ಆಯನಕಿ ವಿನಪಡದಮ್ಮಾ,” ಅಂದಳು ತೆಲುಗಿನಲ್ಲಿ, ಅವರಿಗೆ ಕಿವಿ ಕೇಳದೆಂಬುದು ನನಗೆ ಗೊತ್ತೇ ಇಲ್ಲವೇನೋ ಎಂಬಂತೆ.