ಹತ್ತೊಂಬತ್ತು ತುಂಡು ಉಪ್ಪುಕಂಡ

ಬಬ್ಬೂರಿನ ಮಲ್ಲಕ್ಕನಿಗೆ ಗಂಡ ಸತ್ತರೂ ಅಳು ಬರಲಿಲ್ಲ. ಸಣ್ಣಪ್ಪ ಯುಗಾದಿ ಕಳೆದು ಹನ್ನೆರಡನೇ ದಿನ ಬೆಳಿಗ್ಗೆ ಕುರಿ ರೊಪ್ಪದ ಬಾಗಿಲು ತೆಗೆಯಲು ಹೋದವನು ಅಲ್ಲೇ ಎದೆ ಹಿಡಿದುಕೊಂಡು ಕುಳಿತ. ಹಿರಿಯೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡುವಾಗ ಇಡೀ ಕೇರಿ ಅತ್ತಿತು. ಸಣ್ಣಪ್ಪನ ಅಕ್ಕ ಕಾಟಮ್ಮ ಹರಿಯಬ್ಬೆಯಿಂದ ಬಂದು ನಾಲ್ಕು ಜನರ ಪಾಲಿನ ಅಳುವನ್ನು ಒಬ್ಬಳೇ ಅತ್ತಳು. ಮಲ್ಲಕ್ಕ ಮಾತ್ರ ಯಾರೋ ಕೈಗೆ ಕೊಟ್ಟ ನೀರಿನ ಚೊಂಬನ್ನು ಹಿಡಿದುಕೊಂಡು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದಳು.

‘ಕಲ್ಲೆದೆ’ ಎಂದರು ಕೆಲವರು. ಸಾವಿನ ಮನೆಗೆ ಬರುವವರಲ್ಲಿ ಅರ್ಧ ಜನ ಮಣ್ಣು ಹಾಕಲು ಬರುತ್ತಾರೋ, ಯಾರ ಕಣ್ಣಲ್ಲಿ ಎಷ್ಟು ನೀರು ಬಂತೆಂದು ಅಳೆಯಲು ಬರುತ್ತಾರೋ, ಆ ದೇವರೇ ಹೇಳಬೇಕು. ಅವರನ್ನು ಬಿಡಿ. ಮಲ್ಲಕ್ಕನಿಗೇ ತನ್ನದು ಸೋಜಿಗವಾಗಿತ್ತು. ಮೂವತ್ತೊಂದು ವರ್ಷ ಬಾಳಿದವನು ಹೋದ. ಎದೆಯಲ್ಲಿ ನೋವು ಇರಬೇಕಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಬಿಸಿ ಟೀ ಕುಡಿದರೆ ನಾಲಗೆ ಸುಟ್ಟದ್ದು ಮಾರನೇ ದಿನ ಸಿಪ್ಪೆ ಎದ್ದಾಗ ಗೊತ್ತಾಗುತ್ತಿತ್ತು. ಹೊಳಲ್ಕೆರೆಯಲ್ಲಿ ನರ್ಸ್ ಆಗಿದ್ದ ಮಗಳು ದೇವಿಕಾ ತಿಥಿ ಮುಗಿದ ಮೇಲೂ ನಾಲ್ಕು ದಿನ ಇದ್ದಳು. ಒಂದು ದಿನ ಊಟಕ್ಕೆ ಕೂತು, “ಅವ್ವಾ, ಸಾರಿಗೆ ಉಪ್ಪೇ ಹಾಕಿಲ್ಲ ನೀನು” ಎಂದಳು. ಮಲ್ಲಕ್ಕ ಅದೇ ಸಾರನ್ನು ಎರಡು ದಿನದಿಂದ ಉಣ್ಣುತ್ತಿದ್ದಳು. “ಹೌದಾ?” ಎಂದು ಉಪ್ಪಿನ ಡಬ್ಬಿ ಮುಂದೆ ತಳ್ಳಿದಳು.

ಆ ಮನೆಯಲ್ಲಿ ಉಪ್ಪಿನ ಮಾತು ಬಂದರೆ ಸಣ್ಣಪ್ಪನ ಮಾತು ಬರಲೇಬೇಕು. ಶಿವರಾತ್ರಿ ಕಳೆದು ಬಿಸಿಲು ಚುರುಕಾದ ಕೂಡಲೇ ಅವನು ವರ್ಷಕ್ಕೊಂದು ಟಗರು ಕೊಯ್ದು ಉಪ್ಪುಕಂಡ ಹಾಕುತ್ತಿದ್ದ. ಈಳಿಗೆಮಣೆಯ ಮುಂದೆ ಕೂತು, ಮಾಂಸವನ್ನು ಎಲ್ಲೂ ತುಂಡರಿಸದೆ ಮೊಳದುದ್ದದ ಪಟ್ಟಿಯಾಗಿ ಬಿಡಿಸುತ್ತಿದ್ದ. ಹಾಗೆ ಬಿಡಿಸುವ ಕೈ ಆ ಮನೆತನದಲ್ಲಿ ಅವನದೊಂದೇ. ಆಮೇಲೆ ಅರಿಶಿನ, ಬೆಳ್ಳುಳ್ಳಿ, ಖಾರ, ಮತ್ತು ಉಪ್ಪು. ಉಪ್ಪೆಂದರೆ ಎಷ್ಟು! ಪ್ರತಿ ವರ್ಷ ಮಲ್ಲಕ್ಕ, “ಮೂಟೆನೇ ಸುರಿದ್ಯೇನು? ಬಾಯಿಗೆ ಇಡಾಕೆ ಆಗಾಕಿಲ್ಲ” ಎಂದು ಬೈಯುತ್ತಿದ್ದಳು. ಪ್ರತಿ ವರ್ಷ ಅವನು, “ಉಪ್ಪು ಇದ್ರೇನೇ ಕಣೇ ಅದು ಬಾಳಾದು” ಎನ್ನುತ್ತಿದ್ದ. ದಾರಕ್ಕೆ ಪೋಣಿಸಿ ಅಂಗಳದಲ್ಲಿ ಒಣಗಿಸಿ, ಒಲೆಯ ಮೇಲೆ ತೂಗುಹಾಕುತ್ತಿದ್ದ. ಮುಂಗಾರು ಬರುವ ಹೊತ್ತಿಗೆ ದಾರ ಖಾಲಿ. ಮಳೆಗಾಲ ಕಂಡ ಉಪ್ಪುಕಂಡ ಆ ಮನೆಯಲ್ಲಿ ಇರಲೇ ಇಲ್ಲ.

ಈ ವರ್ಷದ್ದು ಮಾತ್ರ ಹಾಗೇ ಉಳಿಯಿತು. ಸೂತಕ ಕಳೆಯುವ ದಿನ ಕಾಟಮ್ಮ ಮನೆಯಲ್ಲಿದ್ದ ಹಳೆಯ ತಿನಿಸನ್ನೆಲ್ಲ ಹೊರಗೆ ಹಾಕಿಸುತ್ತ ಬಂದು, ಒಲೆಯ ಮೇಲಿನ ದಾರಕ್ಕೂ ಕೈ ಹಾಕಿದಳು. ಮಲ್ಲಕ್ಕ ಆ ಕೈ ಹಿಡಿದುಕೊಂಡಳು.

“ಅದು ಇರ್ಲಿ ಅತ್ಗೆ. ಹಿರಿಯರ ಹಬ್ಬಕ್ಕೆ ಬೇಕು.”

ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುವಾಗ ಅವರವರಿಗೆ ಇಷ್ಟವಾದದ್ದನ್ನೇ ಇಡಬೇಕು. ಮೊದಲನೇ ವರ್ಷದ ಎಡೆ ತಪ್ಪಿದರೆ ಹೊಸದಾಗಿ ಹೋದವನು ಹಿರಿಯರ ಸಾಲಿನಲ್ಲಿ ಕೂರದೆ ಹಸಿದು ವಾಪಸ್ಸು ಹೋಗುತ್ತಾನೆ ಎಂಬುದು ಆ ಮನೆಯವರ ನಂಬಿಕೆ. ಸಣ್ಣಪ್ಪ ಬದುಕಿದ್ದಾಗಲೇ ನಗುತ್ತಾ ಹೇಳಿಟ್ಟಿದ್ದ: “ನಂಗೆ ಕಡುಬು ಗಿಡುಬು ಬ್ಯಾಡ. ನಾನು ಕೊಯ್ದ ಕಂಡ ಎರಡು ಸುಟ್ಟಿಡು, ಸಾಕು.”

“ಹಬ್ಬಕ್ಕೆ ಇನ್ನಾ ಐದು ತಿಂಗ್ಳು ಮ್ಯಾಲೈತೆ” ಎಂದಳು ಕಾಟಮ್ಮ. “ಮಳೆಗಾಲ ದಾಟಿ ಎಲ್ಲಿ ಉಳೀತೈತೆ ಇದು? ಹುಳ ಬೀಳ್ತಾವೆ, ಬೂಸ್ಟು ಹಿಡಿತೈತೆ.”

“ಉಳಿಸ್ತೀನಿ” ಎಂದಳು ಮಲ್ಲಕ್ಕ. ಎಣಿಸಿದಾಗ ಹತ್ತೊಂಬತ್ತು ತುಂಡು ಇದ್ದವು. ಅವಳಿಗೆ ಬೆಳಿಗ್ಗೆ ಏಳಲು ಅಂತ ಇದ್ದ ಕಾರಣ ಅದೊಂದೇ.

ಮಲ್ಲಕ್ಕನದು ಊರ ಪಕ್ಕದ ಕೃಷಿ ಫಾರಂನಲ್ಲಿ ಬೀಜ ಹಸನು ಮಾಡುವ ಕೂಲಿ. ಅಲ್ಲಿನ ಮೇಡಂ ಬೀಜದ ಮಾದರಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಒಂದು ಮಿಷನ್ನಿನ ಬಾಯಿಗೆ ಕೊಡುತ್ತಿದ್ದರು. ಮಿಷನ್ನು ಗೊರ್ ಅಂದು ಒಳಗಿನ ಗಾಳಿಯನ್ನೆಲ್ಲ ಎಳೆದುಕೊಂಡು ಕವರಿನ ಬಾಯಿ ಸುಟ್ಟು ಮುಚ್ಚುತ್ತಿತ್ತು. ಅಂಥದ್ದು ಮನೆಗೂ ಸಿಗುತ್ತದೆಯೇ ಎಂದು ಮಲ್ಲಕ್ಕ ಕೇಳಿದಳು. ವ್ಯಾಕ್ಯೂಮ್ ಸೀಲರ್ ಅನ್ನಬೇಕು, ಚಿತ್ರದುರ್ಗದಲ್ಲಿ ಸಿಗುತ್ತದೆ ಎಂದರು ಮೇಡಂ. ರಜೆಗೆ ಬಂದಿದ್ದ ದೇವಿಕಾ ಫೋನಿನಲ್ಲಿ ಹುಡುಕಿ ಹತ್ತಾರು ತೋರಿಸಿದಳು. “ಚಿತ್ರ ನೋಡಿ ಎತ್ತು ತರ್ತೀಯೇನೇ? ನಾನೇ ಹೋಗಿ ಓಡ್ಸಿ ನೋಡ್ತೀನಿ” ಎಂದು ಮಲ್ಲಕ್ಕ ಕಾರಹುಣ್ಣಿಮೆಗೆ ಮೊದಲು ಒಬ್ಬಳೇ ದುರ್ಗದ ಬಸ್ಸು ಹತ್ತಿದಳು. ಬಟ್ಟೆ ಚೀಲದಲ್ಲಿ, ಪೇಪರಿನಲ್ಲಿ ಸುತ್ತಿ, ಎರಡು ತುಂಡು ಕಂಡ ಇಟ್ಟುಕೊಂಡಿದ್ದಳು. ಅಂಗಡಿಯಲ್ಲೇ ಹಾಕಿ ನೋಡಿ ತರುವುದು ಅವಳ ಲೆಕ್ಕಾಚಾರ.

ಮಿಕ್ಸಿ, ಕುಕ್ಕರು ಮಾರುವ ಆ ಅಂಗಡಿಯ ಯಜಮಾನ ತಿಪ್ಪೇರುದ್ರಪ್ಪ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೇಜಿನ ಮೇಲೆ ಊದುಬತ್ತಿ. “ಬರ್ರವ್ವ, ಕುಂತ್ಕಳ್ರಿ” ಎಂದು ಸ್ಟೂಲು ಕೊಟ್ಟು, ಮೂರು ಬಗೆ ತೆಗೆದಿಟ್ಟ. ಒಂದು ಕೈಪಂಪಿನದು, ಕರೆಂಟೇ ಬೇಡ, ಆದರೆ ನಾಲ್ಕೈದು ದಿನಕ್ಕೆ ಮತ್ತೆ ಗಾಳಿ ಹೊಗುತ್ತದೆ ಎಂದು ಅವನೇ ಹೇಳಿದ. ಇನ್ನೊಂದು ಮೊಳದುದ್ದದ ಚಪ್ಪಟೆ ಮಿಷನ್ನು. ಮೂರನೆಯದು ದೊಡ್ಡದು, ಕವರಿನ ಸುರುಳಿ ಒಳಗೇ ಕೂರುತ್ತದೆ, ಕತ್ತರಿಸಲು ಬ್ಲೇಡೂ ಅದರಲ್ಲೇ ಇದೆ, ಬಟನ್ನು ಎಂಟು.

“ಎಂಟು ಬಟನ್ ಯಾತಕ್ಕೆ?” ಎಂದಳು ಮಲ್ಲಕ್ಕ.

“ನಂಗೂ ಮೂರೇ ಗೊತ್ತಿರಾದು” ಎಂದು ತಿಪ್ಪೇರುದ್ರಪ್ಪ ನಕ್ಕ. ಅವಳು ನಗಲಿಲ್ಲ. ಕವರು ಇಲ್ಲೇ ಸಿಗುತ್ತವೆಯೋ ಎಲ್ಲಿಂದಲೋ ತರಿಸಬೇಕೋ, ಅರ್ಧಕ್ಕೆ ಕರೆಂಟು ಹೋದರೆ ಏನು ಗತಿ, ಒಂದಾದ ಮೇಲೊಂದು ಸೀಲ್ ಮಾಡಿದರೆ ಕಾಯುತ್ತದೆಯೋ, ಎಲ್ಲ ಕೇಳಿದಳು. ಗಂಡ ಟಗರು ಕೊಳ್ಳುವಾಗ ಹಲ್ಲು ಹಿಡಿದು ನೋಡುತ್ತಿದ್ದಂತೆ ಮಿಷನ್ನಿನ ಬಾಯಿ ಬಿಡಿಸಿ ರಬ್ಬರು ಒತ್ತಿ ನೋಡಿದಳು. ನಡುವಣದ್ದು ಸಾಕು ಎಂದಳು.

“ಏನು ಇಡಾಕವ್ವ? ಅದ್ರ ಮ್ಯಾಲೆ ಕವರ್ ಕೊಡ್ತೀನಿ.”

ಚೀಲದೊಳಗಿದ್ದ ಅವಳ ಕೈ ಅಲ್ಲೇ ನಿಂತಿತು. ಊದುಬತ್ತಿ ಉರಿಯುತ್ತಿತ್ತು. ವಿಭೂತಿ ಇಟ್ಟವರ ಮುಂದೆ ಬಾಡಿನ ಮಾತು ಆಡಬಾರದೆಂದು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಅವರ ಬೀದಿಯಲ್ಲಿ ಹಾಯುವಾಗ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದ ಅವ್ವನ ಸೆರಗು ಹಿಡಿದು ನಡೆದವಳು ಅವಳು. ಅಷ್ಟು ಸಾಕು. ನಮ್ಮ ಕಡೆ ಈ ಸಂಕೋಚಕ್ಕೆ ಮರ್ಯಾದೆ ಎನ್ನುತ್ತಾರೆ; ನನ್ನನ್ನು ಕೇಳಿದರೆ, ಇದರಿಂದ ಯಾರಿಗೂ ನಯಾಪೈಸೆ ಉಪಯೋಗ ಆದದ್ದು ನಾನು ಕಂಡಿಲ್ಲ.

“ಒಣ ಮೆಣಸಿನಕಾಯಿ, ಬ್ಯಾಳೆ” ಎಂದಳು ಮಲ್ಲಕ್ಕ.

“ಹಂಗಾದ್ರೆ ತೆಳ್ಳಂದೇ ಸಾಕು. ದಪ್ಪಂದು ಸುಮ್ನೆ ದಂಡ.” ಅವನು ತೆಳು ಕವರು ಕೊಟ್ಟ. ಅವಳ ಒಳ್ಳೆಯದಕ್ಕೇ ಹೇಳಿದ, ಪಾಪ.

ಮನೆಗೆ ಬಂದು ಆರು, ಆರು, ಏಳು ಎಂದು ಮೂರು ಪ್ಯಾಕೆಟ್ಟು ಮಾಡಿದಳು. ಮಿಷನ್ನು ಗೊರ್ ಅಂತು, ಕವರು ಕಂಡಕ್ಕೆ ಬಿಗಿಯಾಗಿ ಅಂಟಿಕೊಂಡಿತು. ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಸಮಾಧಾನ ಆಗಬೇಕಿತ್ತು. ಅದೂ ಆಗಲಿಲ್ಲ, ಕೆಲಸ ಮುಗಿಯಿತು, ಅಷ್ಟೇ.

ಆಷಾಢದ ಜಿನುಗು ಮಳೆ ಒಂದು ವಾರ ಬಿಡದೆ ಹಿಡಿಯಿತು. ಗೋಡೆಗೆಲ್ಲ ಥಂಡಿ ಏರಿತು. ಒಂದು ಭಾನುವಾರ ಟ್ರಂಕು ತೆಗೆದರೆ ಮೂರೂ ಪ್ಯಾಕೆಟ್ಟು ಸಡಿಲವಾಗಿದ್ದವು. ಎರಡರಲ್ಲಿ ಕಂಡದ ಮೇಲೆಲ್ಲ ಹಸಿರು ಬೂಸ್ಟು. ಮೂರನೆಯದಕ್ಕೂ ಗಾಳಿ ಹೊಕ್ಕಿತ್ತು, ಆದರೆ ಬೂಸ್ಟು ಇನ್ನೂ ಹಿಡಿದಿರಲಿಲ್ಲ. ಮಲ್ಲಕ್ಕ ಹನ್ನೆರಡು ತುಂಡನ್ನು ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿ, ನಾಯಿ ಕೆದರದಂತೆ ಮೇಲೊಂದು ಕಲ್ಲು ಎಳೆದಳು. ಗಂಡನನ್ನು ಎರಡನೇ ಸಲ ಮಣ್ಣು ಮಾಡಿದೆನಲ್ಲ ಎಂಬ ಯೋಚನೆ ಬಂತು. ಬಂದು ಹಾಗೇ ಹೋಯಿತು. ಕೈ ತೊಳೆದುಕೊಂಡು, ಉಳಿದ ಏಳನ್ನು ಬಿಸಿಲಿಲ್ಲದ ಕಾರಣ ಒಲೆಯ ಮೇಲೆ ಕಾಯಿಸಿ, ಸಣ್ಣಪ್ಪನ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಸೋಮವಾರದ ಮೊದಲ ಬಸ್ಸಿಗೆ ದುರ್ಗಕ್ಕೆ ಹೋದಳು.

ತಿಪ್ಪೇರುದ್ರಪ್ಪ ಅವಳು ತಂದಿದ್ದ ಖಾಲಿ ಕವರನ್ನು ಊದಿ, ಬಾಯಿ ಹಿಡಿದು, ಬಕೆಟ್ಟಿನ ನೀರಿನಲ್ಲಿ ಅದ್ದಿದ. ಸೈಕಲ್ಲಿನ ಟ್ಯೂಬಿನಿಂದ ಬಂದಂತೆ ಮೂರು ಕಡೆಯಿಂದ ಗುಳ್ಳೆ ಎದ್ದವು.

“ಸೀಲ್ ಸರಿಯಾಗೈತೆ. ಕವರೇ ತೂತಾಗೈತೆ. ಮೆಣಸಿನಕಾಯಿ ಹಿಂಗೆ ಚುಚ್ಚಾಕಿಲ್ಲವ್ವ. ಏನು ಇಟ್ಟಿದ್ರಿ?”

ಮಲ್ಲಕ್ಕ ಬಕೆಟ್ಟನ್ನೇ ನೋಡುತ್ತಿದ್ದಳು. ಆಮೇಲೆ, ಊರಲ್ಲಿ ಮಳೆಯಾಯಿತು ಎಂದು ಹೇಳುವ ದನಿಯಲ್ಲಿ ಹೇಳಿದಳು. “ಉಪ್ಪುಕಂಡ. ನಮ್ಮನೇರು ಕೊಯ್ದಿದ್ದು. ಅವ್ರು ಹೋಗ್ಬಿಟ್ರು. ಹಿರಿಯರ ಹಬ್ಬಕ್ಕೆ ಎಡೆ ಇಡ್ಬೇಕು. ಹತ್ತೊಂಬತ್ತಿದ್ವು, ಏಳು ಉಳಿದಾವೆ.”

ಅವನು ಕವರನ್ನು ನೀರಿನಿಂದ ಎತ್ತಿ ಪಕ್ಕಕ್ಕಿಟ್ಟ. “ಮೊದ್ಲೇ ಹೇಳಬಾರ್ದೇನವ್ವ? ಒಣಗಿದ್ದು ಚೂಪಾಗಿರ್ತೈತೆ, ಗಾಳಿ ಎಳೆದಾಗ ಕವರಿಗೆ ಚುಚ್ತೈತೆ. ದಪ್ಪಂದು ಕೊಡ್ತಿದ್ದೆ.”

“ನಿಮ್ಮ ಅಂಗಡ್ಯಾಗೆ ಹೆಂಗೆ ಹೇಳ್ಲಿ ಸಾವ್ಕಾರ್ರೆ?”

“ತಿನ್ನದೇ ಇರಾನು ನಾನು. ಮಿಷನ್ನಿಗೆ ಯಾತರ ಮಡಿ?” ಎಂದ ಅವನು. ದನಿಯಲ್ಲಿ ಸಿಟ್ಟಿತ್ತು; ಅವಳ ಮೇಲೋ ತನ್ನ ಮೇಲೋ ಅವನಿಗೇ ತಿಳಿಯಲಿಲ್ಲ. “ತಂದೀರಾ? ಇಲ್ಲೇ ತೆಗೀರಿ.”

ಅವನೇ ದಪ್ಪ ಕವರು ಕತ್ತರಿಸಿದ. ಪಂಚೆ ಬಿಚ್ಚುವುದು ಬೇಡ, ಬಟ್ಟೆ ಸಮೇತ ಇಟ್ಟರೆ ಚುಚ್ಚುವುದಿಲ್ಲ ಎಂದ. ಊದುಬತ್ತಿಯ ಪಕ್ಕದಲ್ಲೇ ಕವರಿನ ಬಾಯಿಯ ಒಂದು ಕೊನೆಯನ್ನು ಅವನು ಹಿಡಿದುಕೊಂಡ, ಇನ್ನೊಂದನ್ನು ಅವಳು. ಒಂದರ ಮೇಲೊಂದು ಎರಡು ಸಲ ಸೀಲ್ ಮಾಡಿದರು. ಅವಳು ಹೋದ ಮೇಲೆ ಅವನು ಕೈ ತೊಳೆದನೋ, ಮೇಜು ತೊಳೆಸಿದನೋ, ಅದು ಅವನ ಮನೆ ವಿಚಾರ.

ಮಹಾಲಯ ಅಮಾವಾಸ್ಯೆಯ ದಿನ ಟ್ರಂಕು ತೆಗೆದಾಗ ಪ್ಯಾಕೆಟ್ಟು ಬಿಗಿಯಾಗಿಯೇ ಇತ್ತು. ದೇವಿಕಾ ರಜೆ ಹಾಕಿ ಬಂದಿದ್ದಳು, ಕಾಟಮ್ಮ ಹಿಂದಿನ ದಿನವೇ ಬಂದಿದ್ದಳು. ಬಾಳೆಲೆಯ ಮೇಲೆ ಮುದ್ದೆ, ಸಾರು, ಕಡುಬು, ಹೊಸ ಪಂಚೆ, ಒಂದು ಕಟ್ಟು ಬೀಡಿ. ಮಲ್ಲಕ್ಕ ಎರಡು ತುಂಡು ಕಂಡವನ್ನು ಕೆಂಡದ ಮೇಲೆ ಸುಟ್ಟು ಎಲೆಗೆ ಇಟ್ಟಳು. ವಾಸನೆ ಏಳುತ್ತಲೇ ಕಾಟಮ್ಮ “ತಮ್ಮಾ” ಎಂದು ಶುರು ಮಾಡಿದಳು.

“ಉಳಿದ ಐದು ಮತ್ತೆ ಸೀಲ್ ಮಾಡಿಡಾಣೇನವ್ವ? ಮುಂದಿನ ವರ್ಷಕ್ಕೆ?” ಎಂದಳು ದೇವಿಕಾ.

“ಮಾಡಿಡು” ಎಂದಳು ಮಲ್ಲಕ್ಕ. ದೇವಿಕಾ ಮಿಷನ್ನಿನ ವೈರು ಪ್ಲಗ್ಗಿಗೆ ಸಿಕ್ಕಿಸಿದಳು.

ಹಿರಿಯರು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂತು, ಮತ್ತೆ ಒಳಗೆ ಬಂದರು. ಎಡೆಯಿಂದ ಮಲ್ಲಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

ಉಪ್ಪು. ಐದು ತಿಂಗಳಿಂದ ಏನೂ ಅರಿಯದ ನಾಲಗೆ ಚುರುಗುಟ್ಟಿತು, ಕಿವಿಯ ಬುಡದವರೆಗೂ ಉಪ್ಪು ಏರಿತು.

“ಥೂ! ಎಷ್ಟು ಸಲ ಹೇಳೀನಿ ನಿಂಗೆ, ಉಪ್ಪು ಕಡ್ಮೆ ಹಾಕು ಅಂತ!” ಎಂದು ಮಲ್ಲಕ್ಕ ಬಾಗಿಲ ಪಕ್ಕದ ಗೋಡೆಯ ಕಡೆ ತಿರುಗಿದಳು. ಸಣ್ಣಪ್ಪ ಯಾವಾಗಲೂ ಕೂರುತ್ತಿದ್ದ ಜಾಗ ಅದು. ಅವನು ಕೊಡಬೇಕಿದ್ದ ಉತ್ತರಕ್ಕೆ ಅವಳು ಕಾದಳು. ಮೂವತ್ತೊಂದು ವರ್ಷ ತಪ್ಪದೆ ಬಂದ ಉತ್ತರ ಬರಲಿಲ್ಲ.

ಆಗ ಅವಳಿಗೆ ಅಳು ಬಂತು. ಕುಳಿತಲ್ಲೇ ಮುಂದಕ್ಕೆ ಬಾಗಿ, ಬಾಯಲ್ಲಿದ್ದ ಕಂಡವನ್ನು ಉಗುಳದೆ, ನುಂಗದೆ ಅತ್ತಳು. ಕಾಟಮ್ಮ ತನ್ನ ಅಳು ನಿಲ್ಲಿಸಿ ಬಂದು, ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ದೇವಿಕಾ ನೀರು ತಂದರೆ ಮಲ್ಲಕ್ಕ ತಲೆಯಾಡಿಸಿ ಬೇಡವೆಂದಳು. ಬಹಳ ಹೊತ್ತಾದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಆ ಐದೂ ಸುಡು” ಎಂದಳು. “ಎಲ್ರೂ ಕುಂತು ತಿನ್ನಾಣ.”

ದೇವಿಕಾ ಮಿಷನ್ನಿನ ವೈರು ಕಿತ್ತು ಸುತ್ತಿಟ್ಟು, ಒಲೆಯ ಮುಂದೆ ಕೂತು ಕೆಂಡ ಕೆದಕಿದಳು.